ಬಂಡಿಯ ಕೆಳಗಿನ ನಾಯಿ

ಬಂಡಿಯ ಕೆಳಗೆ ನಡೆಯುತ್ತಿದ್ದ ನಾಯಿ, ಇಡೀ ಬಂಡಿಯನ್ನು ತಾನೇ ಎಳೆಯುತ್ತಿದ್ದೇನೆಂದು ತಿಳಿದುಕೊಂಡಿತ್ತಂತೆ. ಈ ಹಾಸ್ಯ ನಮ್ಮ ಕಡೆ ಬಹಳ ಹಳೆಯದು. 33 ವರ್ಷ ಮಾಸ್ತರಿಕೆ ಮಾಡಿದ ನಾನಂತೂ ಅದನ್ನು ಎಷ್ಟು ಸಲ ಬಳಸಿದ್ದೇನೋ ಲೆಕ್ಕವಿಲ್ಲ. ನಾಲ್ವರು ಮಾಡಿದ ಕೆಲಸಕ್ಕೆ ತಾನೊಬ್ಬನೇ ಹೆಸರು ಹಚ್ಚಿಕೊಳ್ಳುವ ಹುಡುಗನಿಗೆ ಬಾಯಿಬಿಟ್ಟೇ ಹೇಳುತ್ತಿದ್ದೆ. ವಾರ್ಷಿಕೋತ್ಸವದಲ್ಲಿ ಬಂದು ಹಾರ ಹಾಕಿಸಿಕೊಂಡು ಹೋಗುವ ದೊಡ್ಡವರಿಗೆ ಮನಸ್ಸಿನಲ್ಲಿಯೇ ಹೇಳಿಕೊಳ್ಳುತ್ತಿದ್ದೆ. ಈಗ 68ನೆಯ ವಯಸ್ಸಿನಲ್ಲಿ ನಾನು ಆ ನಾಯಿಯ ಕ್ಷಮೆ ಕೇಳಬೇಕಾಗಿ ಬಂದಿದೆ. ನಾಯಿಗಳು ಪತ್ರಿಕೆ ಓದುವುದಿಲ್ಲವೆಂಬುದು ನನಗೆ ಗೊತ್ತು. ಆದರೆ ನಾಯಿಯ ಹಗ್ಗ ಹಿಡಿದು ತಿರುಗಾಡುವವರು ಓದುತ್ತಾರಷ್ಟೆ. ಅದಕ್ಕಾಗಿ ಈ ಬರಹ.

ನಮ್ಮೂರು ಕೊಳಕೂರ, ಜೇವರ್ಗಿ ತಾಲೂಕು, ಕಲಬುರಗಿ ಜಿಲ್ಲೆ. ಹೆಸರಿನಲ್ಲಿ ಕೊಳವೇನೋ ಇದೆ. ಆದರೆ ವೈಶಾಖದಲ್ಲಿ ಊರು ಬಿಟ್ಟು ಹೊಲದ ದಾರಿ ಹಿಡಿದರೆ ಒಂದು ಬೊಗಸೆ ನೀರು ಕಂಡರೆ ಪುಣ್ಯ. ತೊಗರಿಯ ನಾಡು ಇದು, ಕರಿಯ ಎರೆಭೂಮಿ. ಪುಷ್ಯ ಮಾಘಗಳಲ್ಲಿ ತೊಗರಿ ಕೊಯ್ದು, ಆಮೇಲೆ ಜೋಳದ ಕೊಯ್ಲೂ ಮುಗಿದರೆ, ಕಣ್ಣು ಹಾಯಿಸಿದಷ್ಟು ದೂರ ಬರಿಯ ನೆಲ. ಆ ನೆಲ ಒಣಗಿ, ಕೈ ಇಳಿಯುವಷ್ಟು ಅಗಲವಾಗಿ ಬಿರುಕು ಬಿಟ್ಟಿರುತ್ತದೆ. ಭೂಗೋಳದ ಪುಸ್ತಕದ ಪ್ರಕಾರ ನಮ್ಮದು ಮರುಭೂಮಿಯಲ್ಲ. ಪುಸ್ತಕ ಬರೆದವರು ಮಳೆಗಾಲದಲ್ಲಿ ಬಂದಿರಬೇಕು. ಮೇ ತಿಂಗಳಲ್ಲಿ ಬಂದವರಿಗೆ ಕಾಣುವುದು ಬಿಸಿಲು, ಬಿಸಿಲುಗುದುರೆ, ಅಲ್ಲೊಂದು ಇಲ್ಲೊಂದು ಜಾಲಿ, ಇಷ್ಟೆ. ಬೇಸಿಗೆಯ ಎರಡು ತಿಂಗಳು ನಮ್ಮ ವಿಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವಂತೆ ಆದೇಶ ಹೊರಡುವುದುಂಟು. ಗುಮಾಸ್ತರ ಬವಣೆ ಸರಕಾರಕ್ಕೇ ಅರ್ಥವಾಗಿದೆ. ನಾಯಿಗಳಿಗೆ ಮಾತ್ರ ಇಂಥ ಆದೇಶ ಹೊರಡಿಸುವವರು ಯಾರೂ ಇಲ್ಲ. ಹಗ್ಗ ಹಿಡಿದವನೇ ಅದಕ್ಕೆ ಸರಕಾರ.

ನನ್ನ ಕೈಗೆ ಆ ಹಗ್ಗ ಬಂದದ್ದು ಹೀಗೆ. ಬೆಂಗಳೂರಿನಲ್ಲಿದ್ದ ಮಗ ಕೆಲಸದ ಮೇಲೆ ಎರಡು ವರ್ಷಕ್ಕೆಂದು ಹೊರದೇಶಕ್ಕೆ ಹೋದ. ಹೋಗುವಾಗ ತನ್ನ ನಾಯಿಯನ್ನು ನಮ್ಮ ಮಡಿಲಿಗೆ ಹಾಕಿದ. ಲ್ಯಾಬ್ರಡಾರ್ ಜಾತಿಯ ಕರಿಯ ನಾಯಿ, 30 ಕಿಲೋ ತೂಕ, ಹೆಸರು ಬ್ರೂನೊ. ವಿಮಾನ ನಿಲ್ದಾಣದಲ್ಲಿ ಮಗ ನಮ್ಮಿಬ್ಬರ ಕಾಲು ಮುಟ್ಟಿ ನಮಸ್ಕರಿಸಿದವನು ಕೊನೆಗೆ ಹೇಳಿದ್ದು ಒಂದೇ ಮಾತು: “ಅಪ್ಪ, ಅದನ್ನ ಚೆನ್ನಾಗಿ ನೋಡ್ಕೊಳ್ಳಿ.” ನನ್ನನ್ನು ನೋಡಿಕೊಳ್ಳುವಂತೆ ನಾಯಿಗೂ ಹೇಳಿದ್ದನೋ ಏನೋ, ಅಂದಿನಿಂದ ಅದು ನನ್ನನ್ನು ಬಿಟ್ಟು ಕದಲಲಿಲ್ಲ. ಮೂರನೆಯ ಅಂತಸ್ತಿನ ಮನೆ, ಬೆಳಿಗ್ಗೆ ಸಂಜೆ ಪಾರ್ಕು, ಮರದ ನೆರಳು, ತಂಪು ಗಾಳಿ. ಹೀಗೆ ನಮ್ಮ ಸಂಸಾರ ನಡೆಯಿತು.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಬೇಕಾಯಿತು. ಅಣ್ಣ ತೀರಿಹೋದ ಮೇಲೆ ವೈನಿ ಮತ್ತು ಅವರ ಮಗ ಹೊಲಮನೆ ನೋಡಿಕೊಂಡಿದ್ದಾರೆ. ಹೊಲದ ಕಾಗದಪತ್ರದ ಒಂದು ಕೆಲಸವಿತ್ತು. ನಾಯಿಯನ್ನು ಯಾರ ಬಳಿ ಬಿಡುವುದು? ಕಾರಿನಲ್ಲಿ ಕರೆದುಕೊಂಡೇ ಹೋದೆವು. ವೈನಿಗೆ “ಬ್ರೂನೊ” ಎಂಬ ಹೆಸರು ನಾಲಗೆಗೆ ಹತ್ತಲಿಲ್ಲ. ಎರಡು ಸಲ ಪ್ರಯತ್ನಪಟ್ಟು, ಬೇಸತ್ತು, “ಕರಿಯಾ” ಎಂದು ಕರೆದರು. ಅದು ಬಾಲ ಅಲ್ಲಾಡಿಸುತ್ತ ಹೋಗಿ ಅವರ ಪಾದದ ಬಳಿ ಮಲಗಿತು. ನಾವು ಚಿಕ್ಕವರಿದ್ದಾಗ ನಮ್ಮ ಮನೆಯಲ್ಲಿದ್ದ ನಾಯಿಗೂ ಅದೇ ಹೆಸರು. ವೈನಿ ಸೊಸೆಯಾಗಿ ಬಂದಾಗ ಆ ಮುದಿ ಕರಿಯಾ ಇನ್ನೂ ಬದುಕಿತ್ತು.

ಎರಡನೆಯ ದಿನ ಹೊಲಕ್ಕೆ ಹೋಗಬೇಕೆಂದು ನನಗೆ ಹುಮ್ಮಸ್ಸು ಬಂತು. ಊರಿನಿಂದ ಎರಡು ಮೈಲು. ಏರಿಲ್ಲ, ಇಳುವಿಲ್ಲ, ಹಳ್ಳ ದಾಟುವುದಿಲ್ಲ, ಕಲ್ಲಿಲ್ಲ. ಅಂಗೈಯಂತೆ ಸಪಾಟಾದ ಬಂಡಿದಾರಿ. ಕಣ್ಣು ಮುಚ್ಚಿಕೊಂಡು ನಡೆದರೂ ಎಡವುವ ಭಯವಿಲ್ಲ. ಇಂಥ ದಾರಿಗೆ ಸಿದ್ಧತೆ ಏನು ಬೇಕು? ಬೆಟ್ಟ ಹತ್ತುವವನು ನೀರು, ಬುತ್ತಿ, ಕೋಲು ಎಲ್ಲ ನೆನೆಯುತ್ತಾನೆ. ಸುಲಭದ ದಾರಿ ಹಿಡಿದವನು ಏನನ್ನೂ ನೆನೆಯುವುದಿಲ್ಲ. ಏಳುವಾಗಲೇ ತಡವಾಯಿತು. ವೈನಿ ಮಾಡಿದ ಸುಸಲಾ ತಿಂದು, ಎರಡು ಸಲ ಚಹಾ ಕುಡಿದು, ಕಟ್ಟೆಯ ಮೇಲೆ ಬಂದವರೊಡನೆ ಮಾತಾಡಿ ಏಳುವ ಹೊತ್ತಿಗೆ ಒಂಬತ್ತೂವರೆ ದಾಟಿತ್ತು. ಬಿಳಿಯ ಟೋಪಿ ಹಾಕಿಕೊಂಡು, ದಪ್ಪ ಅಟ್ಟೆಯ ಬೂಟು ಮೆಟ್ಟಿ, ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಜೋಳಿಗೆಗೆ ಇಳಿಸಿ ಹೊರಟೆ. ನಾಯಿಗೆ ಕುಣಿತವೋ ಕುಣಿತ.

“ತಮ್ಮಾ, ಬಿಸಲ ಏರ್ಯದ. ಈಗ ಎಲ್ಲಿಗಿ ಹೊಂಟಿ? ಆ ಮೂಕ ಜೀವ ಯಾಕ ಎಳಕೊಂಡು ಹೊಂಟಿ?” ಎಂದರು ವೈನಿ.

“ಸೀದಾ ದಾರಿ ಅಲ್ಲೇನ್ ವೈನಿ, ಹೀಂಗ ಹೋಗಿ ಹಾಂಗ ಬರ್ತೀವಿ.”

“ದಾರಿ ಸೀದಾ ಅದ ಖರೆ. ಬಿಸಲೂ ಸೀದಾ ತಲಿಮ್ಯಾಗೇ ಬರ್ತದ.”

ಹಳ್ಳಿಯ ಹೆಂಗಸರ ಮಾತೆಂದು ನಕ್ಕೆ. ಅದು ಖಗೋಳಶಾಸ್ತ್ರವೆಂದು ಆಮೇಲೆ ಹೊಳೆಯಿತು. ಜೇವರ್ಗಿ ಸೀಮೆ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಮೇ ತಿಂಗಳ ಮೊದಲ ಹದಿನೈದು ದಿನಗಳೊಳಗೆ ಒಂದು ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ಆಗ ನೆರಳೇ ಬೀಳುವುದಿಲ್ಲ. ಮಕ್ಕಳಿಗೆ ಇದನ್ನು ಪಾಠ ಹೇಳಿದವನು ನಾನೇ. ಪಾಠ ಹೇಳುವುದು ಬೇರೆ, ಕಲಿಯುವುದು ಬೇರೆ.

ಹೋಗುವಾಗ ಎಲ್ಲ ಚೆನ್ನಾಗಿತ್ತು. ಗಾಳಿ ಸುಳಿಯುತ್ತಿತ್ತು. ನಾಯಿ ಬದುವಿನ ಮೇಲೆ ಹಾರಿತು, ಓತಿಕೇತವನ್ನು ಅಟ್ಟಿತು, ತೊಗರಿಯ ಕೂಳೆಗಳ ನಡುವೆ ಮೂಗು ತೂರಿಸಿತು. ಆ ಕೂಳೆ ಸೂಜಿಯಂತೆ ಚೂಪು. ಪಾದಕ್ಕೆ ಚುಚ್ಚೀತೆಂದು ಹಗ್ಗ ಎಳೆದು ದಾರಿಗೆ ತಂದೆ; ಅಷ್ಟು ಜಾಗ್ರತೆ ವಹಿಸಿದೆನೆಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಹೊಲದ ಬಾವಿಯ ಬಳಿ ಒಂದು ಬೇವಿನ ಮರವಿದೆ. ಬಾವಿ ಬತ್ತಿತ್ತು. ಮರದ ಕೆಳಗೆ ಅರ್ಧ ತಾಸು ಕುಳಿತೆವು. ಬಾಟಲಿಯ ನೀರಿನಲ್ಲಿ ಮುಕ್ಕಾಲು ಪಾಲು ನಾನು ಕುಡಿದೆ. ಉಳಿದದ್ದನ್ನು ಅಂಗೈಯಲ್ಲಿ ಹಾಕಿ ಅದಕ್ಕೆ ಕುಡಿಸಿದೆ. ಬೊಗಸೆಯಿಂದ ಸೋರಿದ್ದೇ ಹೆಚ್ಚು. ಊಟದ ಹೊತ್ತಿಗೆ ಮನೆ ಸೇರಬೇಕೆಂದು ಹನ್ನೊಂದೂ ಕಾಲಕ್ಕೆ ಎದ್ದೆ. ನಾಯಿ ಏಳಲಿಲ್ಲ. ಸೋಮಾರಿ ಎಂದು ಗದರಿಸಿ ಎಬ್ಬಿಸಿದೆ.

ಅಲ್ಲಿಂದ ಮುಂದೆ ನಾಯಿ ನನಗೆ ಒಂದೊಂದೇ ಮಾತು ಹೇಳುತ್ತ ಬಂತು. ನನಗೆ ಒಂದೂ ತಿಳಿಯಲಿಲ್ಲ. ನಾಲಗೆಯನ್ನು ಉದ್ದಕ್ಕೆ ಇಳಿಬಿಟ್ಟು ಏದುಸಿರು ಬಿಡತೊಡಗಿತು, ನಗುತ್ತಿದೆ ಎಂದುಕೊಂಡೆ. ಪಾದಗಳನ್ನು ಒಂದಾದ ಮೇಲೊಂದು ಎತ್ತೆತ್ತಿ ಇಟ್ಟಿತು, ಕುಣಿಯುತ್ತಿದೆ ಎಂದುಕೊಂಡೆ. ನನ್ನ ಕಾಲಿಗೆ ಅಂಟಿಕೊಂಡು ನಡೆಯಿತು, ಪ್ರೀತಿ ಎಂದುಕೊಂಡೆ. ನನ್ನ ನೆರಳನ್ನು ಹುಡುಕುತ್ತಿತ್ತು ಪಾಪ. ಆ ಹೊತ್ತಿಗೆ ನನ್ನ ನೆರಳು ನನ್ನ ಬೂಟಿನ ಸುತ್ತ ಒಂದು ತಟ್ಟೆಯಷ್ಟೂ ಇರಲಿಲ್ಲ. ಒಂದು ಮೈಲು ನಡೆದಿರಬೇಕು. ನಾಯಿ ನಿಂತಿತು. ಹಗ್ಗ ಜಗ್ಗಿದೆ. ನಾಲ್ಕು ಹೆಜ್ಜೆ ಬಂತು. ಮತ್ತೆ ನಿಂತಿತು, ಮತ್ತೆ ಜಗ್ಗಿದೆ, ಮತ್ತೆ ಬಂತು. ಕುಡಿದವರ ಹಾಗೆ ಹಿಂಗಾಲು ಓಲಾಡಿದವು. ಬಾಯಿಂದ ಅಂಟು ಅಂಟಾದ ಜೊಲ್ಲು. ಆಮೇಲೆ ದಾರಿಯ ನಡುವೆ ಪಕ್ಕಕ್ಕೆ ಉರುಳಿಬಿಟ್ಟಿತು.

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ; ಬರೆಯದೆ ನಿರ್ವಾಹವಿಲ್ಲ. 30 ಕಿಲೋ ತೂಕದ ಪ್ರಾಣಿಯನ್ನು ಎತ್ತಿ ನಡೆಯುವ ಮೊಣಕಾಲು ನನ್ನವಲ್ಲ. ಫೋನಿಗೆ ಸಿಗ್ನಲ್ಲು ಇರಲಿಲ್ಲ. ನೀರಿನ ಬಾಟಲಿ ಬರಿದು. ಹಗ್ಗ ಅಲ್ಲೇ ಬಿಟ್ಟು ಊರ ಕಡೆ ಹೊರಟುಬಿಡೋಣವೇ, ಯಾರನ್ನಾದರೂ ಕರೆತರೋಣವೇ ಎನಿಸಿತು. ಹಾಗೆ ಹೋಗಿ ಬರಲು ನನ್ನ ನಡಿಗೆಗೆ ಒಂದು ತಾಸು ಬೇಕು. ಅಷ್ಟು ಹೊತ್ತು ಅದು ಉಳಿಯಲಾರದೆಂದು ನನಗೆ ಒಳಗೊಳಗೇ ಗೊತ್ತಿತ್ತು. ಆದರೂ ಎರಡು ಹೆಜ್ಜೆ ಇಟ್ಟೆ. ಅದು ತಲೆ ಎತ್ತಲಾರದೆ ಕಣ್ಣನ್ನಷ್ಟೇ ಹೊರಳಿಸಿ ನನ್ನನ್ನು ನೋಡಿತು. ನಾನು ಅಲ್ಲೇ ನಿಂತು, ಒಬ್ಬ ಮುದುಕ ಕೂಗಬಾರದಷ್ಟು ಗಟ್ಟಿಯಾಗಿ ಕೂಗಿಕೊಂಡೆ.

ದೇವರು ದೊಡ್ಡವನು. ಎರಡು ಹೊಲ ಆಚೆ ಕುರಿಯ ಹಿಂಡೊಂದು ಬೀಡುಬಿಟ್ಟಿತ್ತು. ಗೊಬ್ಬರಕ್ಕೆಂದು ನಮ್ಮ ಕಡೆ ಬೇಸಿಗೆಯಲ್ಲಿ ಖಾಲಿ ಹೊಲಗಳಲ್ಲಿ ಕುರಿ ನಿಲ್ಲಿಸುತ್ತಾರೆ. ನಡು ವಯಸ್ಸಿನ ಕುರುಬನೊಬ್ಬ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಮತ್ತು ನೀರಿನ ಕ್ಯಾನು ಹಿಡಿದು ಓಡಿಬಂದ. ಕ್ಯಾನಿನ ಸುತ್ತ ಒದ್ದೆ ಗೋಣಿತಟ್ಟು ಸುತ್ತಿತ್ತು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಕೋಲನ್ನು ನೆಲದ ಬಿರುಕಿನಲ್ಲಿ ನೆಟ್ಟ. ಅದರ ಮೇಲೆ ಕಂಬಳಿ ಹರವಿ, ಒಂದು ಚುಂಗು ನನ್ನ ಕೈಗೆ ಕೊಟ್ಟ. ನೆರಳಾಯಿತು. ನಾನು ಗಡಿಬಿಡಿಯಿಂದ ನಾಯಿಯ ಬಾಯಿಗೆ ನೀರು ಸುರಿಯಹೋದೆ.

“ಬಾಯಾಗ ಹೊಯ್ಯಬ್ಯಾಡ್ರಿ ಮುತ್ಯಾ, ನೆತ್ತಿಗಿ ಏರ್ತದ. ಹೊಟ್ಟಿಗಿ ಹಚ್ಚರಿ, ತೊಡಿ ಸಂದ್ಯಾಗ ಹಚ್ಚರಿ, ಪಾದಕ್ಕ ಹಚ್ಚರಿ” ಎಂದ. ಬೆಂಗಳೂರಿನ ಪಾರ್ಕಿನಲ್ಲಿ ನನ್ನನ್ನು “ಅಂಕಲ್” ಎನ್ನುತ್ತಾರೆ. “ಮುತ್ಯಾ” ಎನಿಸಿಕೊಂಡದ್ದು ಅದೇ ಮೊದಲು. ಬೇಸರಪಡುವ ಹೊತ್ತು ಅದಾಗಿರಲಿಲ್ಲ. ಅವನು ನೀರು ಹಚ್ಚುತ್ತ ಹೋದ. ನನ್ನ ಟೋಪಿ ಕಸಿದುಕೊಂಡು ಗಾಳಿ ಬೀಸಿದ. ಮತ್ತೆ ನೀರು, ಮತ್ತೆ ಗಾಳಿ. ನಡುವೆ ನನ್ನ ಕಾಲ ಕಡೆ ನೋಡಿ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದ:

“ನಿಮ್ಮ ಕಾಲಾಗ ಬೂಟ ಅವ. ಅದರ ಕಾಲಾಗ ಏನ್ ಅದ?”

ನಾನು ಉತ್ತರ ಕೊಡಲಿಲ್ಲ. ಅವನೇ ಮುಂದುವರಿಸಿದ. “ನಾಯಿ ಒಲ್ಲೆ ಅನ್ನಾಂಗಿಲ್ಲ ಮುತ್ಯಾ. ನೀವು ನಡಿ ಅಂದ್ರ ಸಾಯೋತನ ನಡೀತದ. ಕುರಿ ಹಾಂಗಲ್ಲ. ನೋಡ್ರಿ ಅಲ್ಲಿ.” ಅವನ ಕುರಿಗಳು ಬಟ್ಟಬಯಲಲ್ಲಿ ಗುಂಪಾಗಿ ನಿಂತು, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಇಟ್ಟುಕೊಂಡಿದ್ದವು. ಒಡಲಿನ ನೆರಳನ್ನು ಒಂದಕ್ಕೊಂದು ಕೊಟ್ಟುಕೊಂಡು ನಿಂತ ಆ ಹಿಂಡು ಮಧ್ಯಾಹ್ನ ಕಳೆಯುವವರೆಗೆ ಅಲ್ಲಾಡುವುದಿಲ್ಲವಂತೆ. ಅದು ಹಸಿದಿರಲಿ, ಕುರುಬ ಕೂಗಲಿ, ಆ ಹೊತ್ತಿನಲ್ಲಿ ಕುರಿ ಕುರಿಯ ಮಾತನ್ನೇ ಕೇಳುತ್ತದೆ. ನಾಯಿ ತನ್ನ ಮೈಯ ಮಾತನ್ನು ಬಿಟ್ಟು ನಮ್ಮ ಮಾತನ್ನು ಕೇಳುತ್ತದೆ. ಅದಕ್ಕೆ ನಾವು ನಿಷ್ಠೆ ಎಂದು ಹೆಸರಿಟ್ಟು, ಮೆಚ್ಚಿಕೊಂಡು, ಉರಿಬಿಸಿಲಲ್ಲಿ ಎಳೆದುಕೊಂಡು ಹೋಗುತ್ತೇವೆ.

ಕಂಬಳಿಯ ಚುಂಗು ಹಿಡಿದು ನಿಂತ ಆ ಹೊತ್ತಿನಲ್ಲಿಯೇ ನನಗೆ ಹಳೆಯ ಕರಿಯಾ ನೆನಪಾದದ್ದು. ಇದೇ ದಾರಿ, ಅಪ್ಪನ ಬಂಡಿ. ಎತ್ತುಗಳು ನಡೆದಷ್ಟೇ ವೇಗದಲ್ಲಿ ಕರಿಯಾ ಬಂಡಿಯ ಕೆಳಗೆ, ಎರಡು ಗಾಲಿಗಳ ನಡುವೆ ನಡೆಯುತ್ತಿತ್ತು. ದಾರಿ ತಿರುಗಿದಾಗ ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿದುಕೊಳ್ಳುತ್ತಿತ್ತು. ಬಂಡಿಯ ಹಿಂದೆ ಕಾಲು ಇಳಿಬಿಟ್ಟು ಕುಳಿತ ನಾನು ಆ ಗಾದೆಯನ್ನು ಆಗಷ್ಟೇ ಕಲಿತಿದ್ದೆ. “ಬಂಡಿ ಎಳಿಲಕತ್ತೀಯೇನಲೇ” ಎಂದು ನಕ್ಕು, ಸಣ್ಣ ಹೆಂಟೆ ಒಗೆದು ಅದನ್ನು ಹೊರಗೆ ಓಡಿಸುತ್ತಿದ್ದೆ. ಅದು ಹೋಗಿ ಮತ್ತೆ ಅಲ್ಲಿಗೇ ಬರುತ್ತಿತ್ತು. ಒಂದು ದಿನ ಅಪ್ಪ ಹಿಂದಿರುಗಿ ನೋಡಿದ. “ಇರ್ಲಿ ಬಿಡೋ. ಅದಕ್ಕ ಅಷ್ಟಾದ್ರೂ ನೆಳ್ಳ ಬೇಕಲ್ಲ” ಎಂದ.

ಅಷ್ಟೆ. ಎರಡು ಮೈಲಿಗೆ ಒಂದು ಮರವಿಲ್ಲದ ದಾರಿಯಲ್ಲಿ, ನಡೆಯುವ ನೆರಳು ಎಂದರೆ ಬಂಡಿಯೊಂದೇ. ಸೂರ್ಯ ನೆತ್ತಿಯ ಮೇಲೆ ನಿಂತು ಮನುಷ್ಯನ ನೆರಳನ್ನೇ ಅಳಿಸಿಹಾಕಿದಾಗಲೂ ಬಂಡಿಯ ಕೆಳಗೆ ನೆರಳಿರುತ್ತದೆ. ಕರಿಯಾಗೆ ಅದು ತಿಳಿದಿತ್ತು. ಬಂಡಿ ಎಳೆಯುವ ಜಂಬ ಅದಕ್ಕೆ ಎಂದೂ ಇರಲಿಲ್ಲ. ಜಂಬವೆಲ್ಲ ಗಾದೆ ಕಟ್ಟಿದವನ ತಲೆಯಲ್ಲಿತ್ತು. ಮಧ್ಯಾಹ್ನ ಬಾವಿಯ ಬಳಿ ಕೊಳ್ಳು ಹರಿದು ಎತ್ತುಗಳಿಗೆ ನೀರು ಕುಡಿಸಿದ ಮೇಲೆ, ಅಪ್ಪ ಒಡೆದ ಹರವಿಯ ಬೋಕಿಯೊಂದರಲ್ಲಿ ಕರಿಯಾಗೆ ನೀರು ಹಾಕಿ, ಆಮೇಲೆ ತಾನು ಕುಡಿಯುತ್ತಿದ್ದ. ಆ ಬೋಕಿ ಬಾವಿಯ ಕಟ್ಟೆಯ ಮೇಲೆ ವರ್ಷಾನುಗಟ್ಟಲೆ ಇತ್ತು. ಇದನ್ನೆಲ್ಲ ಕಂಡ ನಾನು 60 ವರ್ಷ ಕಳೆಯುವುದರೊಳಗೆ ಗಾದೆಯನ್ನು ಉಳಿಸಿಕೊಂಡು ಬೋಕಿಯನ್ನು ಮರೆತಿದ್ದೆ.

ಸುಮಾರು ಇಪ್ಪತ್ತು ನಿಮಿಷದ ಮೇಲೆ ನಾಯಿ ತಲೆ ಎತ್ತಿತು. ಕುರುಬ ತನ್ನ ಬುತ್ತಿಯ ತಟ್ಟೆಯಲ್ಲಿ ನೀರಿಟ್ಟ. ನಾಲ್ಕು ಸಲ ನೆಕ್ಕಿತು. ಅಷ್ಟರಲ್ಲಿ ಅವನ ಹುಡುಗ ಊರಿಗೆ ಓಡಿದ್ದ; ನನ್ನ ಅಣ್ಣನ ಮಗ ಟಂಟಂ ತೆಗೆದುಕೊಂಡು ಬಂದ. “ಏನ್ ಕಾಕಾ ನೀವು!” ಎಂದಷ್ಟೇ ಅಂದ. ಮುಂದೆ ಅನ್ನಬೇಕಾದ್ದನ್ನು ನುಂಗಿಕೊಂಡ. ಜೇವರ್ಗಿಗೆ ಹೋದೆವು.

ಪಶುವೈದ್ಯರು ಜ್ವರಮಾಪಕ ಇಟ್ಟು ನೋಡಿದರು. 40.4 ಡಿಗ್ರಿ. ಆರೋಗ್ಯವಂತ ನಾಯಿಯ ಮೈ 38ರಿಂದ 39 ಡಿಗ್ರಿಯವರೆಗೆ ಇರುತ್ತದಂತೆ. 41 ದಾಟಿತೆಂದರೆ ಒಳಗಿನ ಅಂಗಾಂಗಗಳು ಬೇಯತೊಡಗುತ್ತವೆ. “ಇಲ್ಲಿಗೆ ಬರುವ ಮೊದಲು ಎಷ್ಟಿತ್ತೋ! ಅಲ್ಲೇ ತಣ್ಣಗೆ ಮಾಡಿದ್ದರಿಂದ ಬದುಕಿದೆ. ಹಾಗೇ ಹೊತ್ತು ತಂದಿದ್ದರೆ ದಾರಿಯಲ್ಲೇ ಮುಗಿಯುತ್ತಿತ್ತು” ಎಂದರು. ಮೊದಲು ತಣಿಸು, ಆಮೇಲೆ ಸಾಗಿಸು, ಇದು ಅವರ ಸೂತ್ರ. ಐಸಿಗಾಗಿ ಊರೆಲ್ಲ ಹುಡುಕುತ್ತ ಹೊತ್ತು ಕಳೆಯಬಾರದು. ಕೈಗೆ ಸಿಕ್ಕ ನೀರೇ ಔಷಧ. ಒದ್ದೆ ಬಟ್ಟೆ ಹೊದಿಸಿ ಸುಮ್ಮನೆ ಬಿಟ್ಟರೆ ಅದೇ ಬಿಸಿಯಾಗಿ ಮೈಯ ಕಾವನ್ನು ಒಳಗೇ ಹಿಡಿದಿಡುತ್ತದೆ. ನೀರು ಹಚ್ಚಿ ಗಾಳಿ ಬೀಸಬೇಕು. ಎದ್ದು ನಿಂತಿತೆಂದು ಮನೆಗೆ ಹೋಗಲೂಬಾರದು. ಮೂತ್ರಪಿಂಡಕ್ಕೆ, ರಕ್ತಕ್ಕೆ ಬಿದ್ದ ಪೆಟ್ಟು ಒಂದೆರಡು ದಿನ ತಡೆದು ತೋರುವುದುಂಟು. ಆದ್ದರಿಂದ ಸಲಾಯಿನ್ ಹಾಕಿ, ಮೂರು ದಿನ ಬಂದು ತೋರಿಸಲು ಹೇಳಿದರು.

ಅವರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ನಾಟಿದೆ. ನಮ್ಮ ಮೈಯೆಲ್ಲ ಬೆವರುತ್ತದೆ. ಮಣ್ಣಿನ ಹರವಿ ಜಿನುಗಿ, ಜಿನುಗಿದ್ದು ಆರಿ, ಒಳಗಿನ ನೀರು ತಂಪಾಗುವುದಿಲ್ಲವೆ? ನಮ್ಮ ಒಡಲೂ ಹಾಗೆಯೇ. ನಾಯಿಗೆ ಆ ಸೌಕರ್ಯವಿಲ್ಲ. ಅದು ಬೆವರುವುದು ಪಾದದ ಮೆತ್ತೆಗಳಲ್ಲಿ, ಅದೂ ಅಲ್ಪ ಸ್ವಲ್ಪ. ಉಳಿದ ಕಾವನ್ನೆಲ್ಲ ನಾಲಗೆಯಿಂದ, ಬಾಯಿಂದ, ಉಸಿರಿನಿಂದಲೇ ಹೊರಗೆ ಹಾಕಬೇಕು. ಅಂದರೆ ನಮಗೆ ಮೈಯೆಲ್ಲ ಹರವಿ, ಅದಕ್ಕೆ ನಾಲಗೆಯೊಂದೇ. ನಾನು ನಗುವೆಂದು ತಿಳಿದದ್ದು ಅದರ ಪ್ರಾಣದ ದುಡಿಮೆ. ಮೂತಿ ಮೊಟಕಾದ ಪಗ್ ಮುಂತಾದ ಜಾತಿಗಳಿಗೆ ಉಸಿರಿನ ಹಾದಿಯೇ ಇಕ್ಕಟ್ಟು. ಅವುಗಳ ಪಾಡು ಇನ್ನೂ ಕಷ್ಟ. ನಮ್ಮ ಬ್ರೂನೊನ ಪೂರ್ವಜರು ಕೆನಡದ ನ್ಯೂಫೌಂಡ್‌ಲ್ಯಾಂಡಿನ ಕೊರೆಯುವ ಸಮುದ್ರದಲ್ಲಿ ಬೆಸ್ತರ ಬಲೆ ಎಳೆಯುತ್ತಿದ್ದ ನಾಯಿಗಳು. ಚಳಿ ತಡೆಯಲೆಂದು ಅವಕ್ಕೆ ಎರಡು ಪದರದ ಕೂದಲು. ಅಂಥ ಕಂಬಳಿ ಹೊದ್ದ ಜೀವವನ್ನು ನಾನು ಜೇವರ್ಗಿಯ ವೈಶಾಖದಲ್ಲಿ ನಡೆಸಿದ್ದೆ.

“ಹಾಗಾದರೆ ನಮ್ಮ ಮುಧೋಳದ ನಾಯಿ ಆಗಬಹುದಲ್ಲ?” ಎಂದು ಕೇಳಿದೆ. ಬಾಗಲಕೋಟೆ ಜಿಲ್ಲೆಯ ಆ ತಳಿಯ ಮೇಲೆ ನಮಗೆಲ್ಲ ಅಭಿಮಾನ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಯಿ ಅದು. 2016ರಲ್ಲಿ ಮೀರತ್ತಿನ ಸೈನ್ಯದ ಕೇಂದ್ರಕ್ಕೆ ತರಬೇತಿಗೂ ಹೋಯಿತು. ಉದ್ದ ಮೂತಿ, ಗಿಡ್ಡ ಕೂದಲು, ಕೊಬ್ಬಿಲ್ಲದ ಮೈ, ಬಿಸಿಲಿಗೆಂದೇ ಮಾಡಿದಂತಿದೆ. ವೈದ್ಯರು ನಕ್ಕರು. “ಅದು ಸ್ವಲ್ಪ ಹೆಚ್ಚು ತಾಳೀತು. ತಾಳುವುದು ಬೇರೆ, ಬೇಕಾಗುವುದು ಬೇರೆ. ಅದರ ಪಾದವೂ ಚರ್ಮದ್ದೇ” ಎಂದರು.

ಮನೆಗೆ ಬಂದ ಮೇಲೆ ಮಾಸ್ತರನ ಬುದ್ಧಿ ಸುಮ್ಮನಿರಲಿಲ್ಲ. ಮರುದಿನ ಮಧ್ಯಾಹ್ನ ಅಂಗಳಕ್ಕೆ ಇಳಿದು, ಅಂಗೈಯ ಹಿಂಭಾಗವನ್ನು ಕರಿಯ ನೆಲದ ಮೇಲೆ ಒತ್ತಿ ಎಣಿಸತೊಡಗಿದೆ. ಏಳು ಎಣಿಸುವವರೆಗೆ ಕೈ ಇಡಲಾಗದಿದ್ದರೆ ಅದು ನಾಯಿ ನಡೆಯುವ ನೆಲವಲ್ಲ, ಇದೊಂದು ಸುಲಭ ಪರೀಕ್ಷೆ. ನಾನು ಮೂರಕ್ಕೇ ಕೈ ಎತ್ತಿಬಿಟ್ಟೆ. ಪತ್ರಿಕೆಯಲ್ಲಿ ಬರುವ 42, 43 ಡಿಗ್ರಿಯ ಅಂಕಿ ಯಾವುದೆಂದು ಯೋಚಿಸಿದ್ದೇವೆಯೇ? ಅದು ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ, ಬಿಳಿಯ ಪೆಟ್ಟಿಗೆಯ ನೆರಳಿನಲ್ಲಿ ತೂಗುಹಾಕಿದ ಮಾಪಕದ ಲೆಕ್ಕ. ಅಂದರೆ ಮನುಷ್ಯನ ಎದೆಯ ಮಟ್ಟದ ಸಮಾಚಾರ. ನಾಯಿ ನಡೆಯುವುದು ಆ ನಾಲ್ಕು ಅಡಿಯ ಕೆಳಗೆ, ಪೆಟ್ಟಿಗೆಯ ಹೊರಗೆ. ಅಲ್ಲಿಯ ಕರಿನೆಲ, ಡಾಂಬರು ರಸ್ತೆ, ಗಾಳಿಗಿಂತ 15-20 ಡಿಗ್ರಿ ಹೆಚ್ಚು ಕಾದಿರುತ್ತವೆ. ಒಂದೇ ದಾರಿಯಲ್ಲಿ, ಒಂದೇ ಹಗ್ಗದ ಎರಡು ತುದಿಯಲ್ಲಿ ನಡೆಯುವ ನಾವಿಬ್ಬರೂ ನಿಜವಾಗಿ ಬೇರೆ ಬೇರೆ ದೇಶಗಳಲ್ಲಿ ನಡೆಯುತ್ತಿರುತ್ತೇವೆ.

ಇನ್ನು ನೀರು. ಸುಮ್ಮನೆ ಮನೆಯಲ್ಲಿ ಬಿದ್ದುಕೊಂಡ ನಾಯಿಗೂ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 50-60 ಮಿಲಿಲೀಟರ್ ಬೇಕು. ಬ್ರೂನೊಗೆ ಒಂದೂವರೆ ಲೀಟರಿಗೆ ಮೇಲೆ. ಬಿಸಿಲಲ್ಲಿ ನಡೆದರೆ ಇನ್ನೂ ಹೆಚ್ಚು. ನಾನು ಇಬ್ಬರಿಗೂ ಸೇರಿಸಿ ಒಯ್ದದ್ದು ಅರ್ಧ ಲೀಟರು.

ರಾತ್ರಿ ಅಂಗಳದಲ್ಲಿ ಮಲಗಿದಾಗ ಧರ್ಮರಾಯನ ನೆನಪಾಯಿತು. ಮಹಾಪ್ರಸ್ಥಾನಕ್ಕೆ ಹೊರಟವರ ಬೆನ್ನು ಹತ್ತಿದ ನಾಯಿಯ ಕಥೆ ಯಾರಿಗೆ ಗೊತ್ತಿಲ್ಲ? ಹಿಮಾಲಯ ದಾಟಿದ ಮೇಲೆ ಅವರಿಗೆ ಎದುರಾದದ್ದು ಮರಳಿನ ಸಮುದ್ರ ಎಂದು ಮಹಾಭಾರತ ಹೇಳುತ್ತದೆ. ಆಚೆಗೆ ದ್ರೌಪದಿ ಬಿದ್ದಳು, ಸಹದೇವ ಬಿದ್ದ, ನಕುಲ ಬಿದ್ದ, ಅರ್ಜುನ, ಭೀಮ ಬಿದ್ದರು. ಧರ್ಮರಾಯ ಹಿಂದಿರುಗಿ ನೋಡದೆ ನಡೆದ. ನಾಯಿಯೊಂದು ಮಾತ್ರ ಅವನ ಜೊತೆ ಉಳಿಯಿತು. ಇಂದ್ರ ರಥ ತಂದು ನಾಯಿಯನ್ನು ಬಿಟ್ಟು ಹತ್ತು ಎಂದಾಗ, ನನ್ನನ್ನು ನಂಬಿ ಬಂದದ್ದನ್ನು ಬಿಟ್ಟು ಹತ್ತಲಾರೆ ಎಂದು ಅವನು ನಿಂತ. ಸ್ವರ್ಗದ ಬಾಗಿಲಿನಲ್ಲಿ ಅವನಿಗಾದ ಪರೀಕ್ಷೆ ಎಂದು ಆ ಕಥೆಯನ್ನು ನಾನೂ ಮಕ್ಕಳಿಗೆ ಹೇಳಿದ್ದೇನೆ. ನನ್ನ ಪರೀಕ್ಷೆ ಎರಡು ಮೈಲಿನ ಬಂಡಿದಾರಿಯಲ್ಲಿ ಆಯಿತು. ಎರಡು ಹೆಜ್ಜೆಯಷ್ಟು ನಾನು ಅದರಲ್ಲಿ ನಪಾಸಾದೆ.

ಮಗ ಫೋನು ಮಾಡಿದಾಗ “ಬ್ರೂನೊ ಹೇಗಿದೆ ಅಪ್ಪ?” ಎಂದು ಕೇಳಿದ. “ಚೆನ್ನಾಗಿದೆ, ಮಲಗಿದೆ” ಎಂದೆ. ಎರಡೂ ಸುಳ್ಳಲ್ಲ. ಅಲ್ಲಿಯೂ ಭಾನುವಾರ ನಮ್ಮ ಪತ್ರಿಕೆ ಕಂಪ್ಯೂಟರಿನಲ್ಲಿ ಸಿಗುತ್ತದಂತೆ. ಉಳಿದದ್ದನ್ನು ಅವನು ಇಲ್ಲಿ ಓದಿಕೊಳ್ಳಲಿ.

ಹತ್ತು ದಿನ ಕಳೆದ ಮೇಲೆ ವೈದ್ಯರ ಅಪ್ಪಣೆ ಪಡೆದು ಮತ್ತೆ ಆ ದಾರಿಗೆ ಹೋದೆವು. ಈ ಸಲ ಬೆಳಗಿನ ಐದೂವರೆಗೆ. ವೈನಿ ಹಾಸಿಗೆಯಿಂದ ಎಬ್ಬಿಸಿ, ಎರಡು ಲೀಟರು ನೀರನ್ನೂ ಒಂದು ಅಲ್ಯುಮಿನಿಯಂ ತಟ್ಟೆಯನ್ನೂ ಜೋಳಿಗೆಯಲ್ಲಿಟ್ಟು, “ನಡಿ ಕರಿಯಾ, ನಿನ್ನ ಯಜಮಾನಗ ನೀನೇ ಕರಕೊಂಡು ಹೋಗು” ಎಂದರು. ಊರ ಹೊರಗಿನ ಜಾಲಿಯ ಬಳಿ ಬಂದಾಗ ನಾಯಿ ನಿಂತಿತು. ದಾರಿಯ ಮೂಸು ನೋಡಿತು, ನನ್ನ ಮುಖ ನೋಡಿತು. ನಾನು ಹಗ್ಗ ಜಗ್ಗಲಿಲ್ಲ. ಮಂಡಿಯೂರಿ ಕುಳಿತು ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿದೆ. ಏಳು ಎಣಿಸಿದೆ. ಹತ್ತು ಎಣಿಸಿದೆ. ರಾತ್ರಿಯ ತಂಪು ಇನ್ನೂ ನೆಲದಲ್ಲಿತ್ತು. ಅದು ಬಂದು ನನ್ನ ಕೈ ಮೂಸಿ, ತಾನಾಗಿ ಮುಂದೆ ಹೆಜ್ಜೆ ಇಟ್ಟಿತು. ಅರ್ಧ ದಾರಿಗೇ ತಿರುಗಿದೆವು; ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ. ಕುರಿ ನಿಂತಿದ್ದ ಹೊಲದ ಬಳಿ ಒಂದು ಮಾತು ಹೇಳಿ ಹೋಗೋಣವೆಂದು ನೋಡಿದೆ. ಹಿಂಡು ಮುಂದಿನ ಊರಿಗೆ ಹೋಗಿತ್ತು. ಅವನ ಹೆಸರನ್ನು ಕೇಳಲೂ ನನಗೆ ತೋಚಿರಲಿಲ್ಲ.

ತಿರುಗಿ ಬರುವಾಗ ಏಳು ಗಂಟೆ. ಎಳೆಬಿಸಿಲು ಬಲಗಡೆಯಿಂದ ಬೀಳುತ್ತಿತ್ತು. ನನ್ನ ನೆರಳು ಎಡಗಡೆ ಉದ್ದಕ್ಕೆ ಚಾಚಿತ್ತು. ಹಗ್ಗವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದೆ. ಕರಿಯಾ ಆ ಕಡೆಗೆ ಬಂದು, ನನ್ನ ನೆರಳಿನೊಳಗೆ, ನನ್ನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯಿತು. ಈ ಮುದುಕನನ್ನು ತಾನೇ ಎಳೆದುಕೊಂಡು ಹೋಗುತ್ತಿದ್ದೇನೆಂದು ಅದು ಅಂದುಕೊಂಡಿದ್ದರೆ ಅಂದುಕೊಳ್ಳಲಿ. ಆ ಮಾತು ಅಷ್ಟೇನೂ ಸುಳ್ಳಲ್ಲ.